ಅಣ್ಣನ ಫೋನು ನನ್ನ ಮುಖಕ್ಕೆ ತೆರೆದದ್ದು

ನನ್ನ ಅಣ್ಣ ತೀರಿಕೊಂಡ ಮೇಲೂ ಸುಮಾರು ಮುಕ್ಕಾಲು ಗಂಟೆ ಅವನ ಕೋಣೆಯೊಳಗಿಂದ ಅವನ ಮಾತು ಕೇಳಿಸುತ್ತಿತ್ತು. ಹೋಟೆಲಿನವರು ಅದನ್ನು ಕೇಳಿಸಿಕೊಂಡೇ, ಎದ್ದಿದ್ದಾನೆ ಅಂದುಕೊಂಡು, ಬಾಗಿಲು ತಟ್ಟದೆ ಹೋದರು. ಇದರಲ್ಲಿ ಪವಾಡವೇನೂ ಇಲ್ಲ. ಮಾತಾಡುತ್ತಿದ್ದದ್ದು ಅವನ ಫೋನು. ಆ ಫೋನನ್ನು ಅವನಿಗೆ ಕೊಡಿಸಿದವನು ನಾನು.

ನಮ್ಮ ಅಪ್ಪ ಉಡುಪಿ ಕಡೆಯಿಂದ ಮದ್ರಾಸಿಗೆ ಬಂದು ಹೋಟೆಲುಗಳಲ್ಲಿ ದುಡಿದವರು. ನಾವಿಬ್ಬರೂ ಹುಟ್ಟಿ ಬೆಳೆದದ್ದು ತ್ರಿಪ್ಲಿಕೇನಿನ ಒಂದು ಓಣಿಯಲ್ಲಿ. ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಅವನು ಶಾಲೆ ಬಿಟ್ಟು ಅಡುಗೆಮನೆ ಸೇರಿದ್ದರಿಂದ ನಾನು ಓದಲು ಸಾಧ್ಯವಾಯಿತು. ಈಗ ನಾನು ಅಡ್ಯಾರ್‌ನಲ್ಲಿ ಕಟ್ಟಡಗಳ ನಕ್ಷೆ ತಯಾರಿಸುವ ಒಂದು ಕಚೇರಿಯಲ್ಲಿದ್ದೇನೆ. ಅವನು ಕೊನೆಯವರೆಗೂ ತ್ರಿಪ್ಲಿಕೇನಿನಲ್ಲೇ, ಒಂದು ಸಣ್ಣ ಸಸ್ಯಾಹಾರಿ ಹೋಟೆಲಿನ ಅಡುಗೆ ನೋಡಿಕೊಂಡು, ಅದರ ಮಹಡಿಯ ಹಿಂದಿನ ಕೋಣೆಯಲ್ಲಿ ಇದ್ದ. ಮದುವೆ ಆಗಲಿಲ್ಲ. ನಮ್ಮಿಬ್ಬರದೂ ಒಂದೇ ಮುಖ. ಆದರೆ ಒಲೆಯ ಶಾಖಕ್ಕೆಂದು ಅವನು ವರ್ಷಗಳಿಂದ ತಲೆ ನುಣ್ಣಗೆ ಬೋಳಿಸುತ್ತಿದ್ದ, ಮೀಸೆಯನ್ನೂ ಇಟ್ಟಿರಲಿಲ್ಲ. ನನಗೆ ತಲೆತುಂಬ ಕೂದಲು, ದಪ್ಪ ಮೀಸೆ. ಆದ್ದರಿಂದ ಹೋಲಿಕೆ ಹೊರಗಿನವರಿಗೆ ತಟ್ಟನೆ ಕಾಣುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಾನೊಂದು ದುಬಾರಿ ಫೋನು ಕೊಂಡೆ. ಕಂತಿನಲ್ಲಿ. ಕೊಂಡ ದಿನದಿಂದ ಅದನ್ನು ಸಮರ್ಥಿಸಿಕೊಳ್ಳುವುದೇ ನನಗೊಂದು ಕೆಲಸವಾಯಿತು. ನಕ್ಷೆಗಳನ್ನು ಹಿಗ್ಗಿಸಿ ನೋಡಬಹುದು ಎಂದು ಹೆಂಡತಿಗೆ, ಐದು ವರ್ಷ ಬಾಳುತ್ತದೆ ಎಂದು ಮಗಳಿಗೆ. ಅಣ್ಣನ ಹಳೆಯ ಗುಂಡಿ ಫೋನು ಅದೇ ಸಮಯಕ್ಕೆ ಸಾಂಬಾರಿಗೆ ಬಿದ್ದು ಹಾಳಾಯಿತು. ನಿನಗೂ ಒಂದು ಒಳ್ಳೆಯದು ಕೊಡಿಸುತ್ತೇನೆ ಅಂದೆ.

"ಬೇಡ ಮಾರಾಯ. ನಂಗೆ ಎಂತಕ್ಕೆ ಅದು? ಹಿಟ್ಟಿನ ಕೈಯಲ್ಲಿ ಮುಟ್ಟಿದ್ರೂ ಬೇಜಾರಾಗದಂಥದ್ದು ಒಂದು ತಕ್ಕೊಡು, ಸಾಕು."

ಅಂಗಡಿಯಲ್ಲಿ ಅವನು ಆರಿಸಿದ್ದು ತೀರ ಅಗ್ಗದ ಒಂದು ಫೋನು. ನನ್ನ ಫೋನಿನ ಬೆಲೆಗೆ ಅಂಥವು ಹನ್ನೆರಡು ಬರುತ್ತಿದ್ದವು. ನನಗೆ ಸಣ್ಣ ಅವಮಾನವಾಯಿತು. ಅವನು ತನ್ನ ಮಟ್ಟಿಗೆ ಕಡಿಮೆಯದನ್ನು ಆರಿಸಿಕೊಂಡು ನನ್ನ ಆಯ್ಕೆಯನ್ನು ದೊಡ್ಡ ತಪ್ಪೆಂದು ತೋರಿಸಿದ ಹಾಗೆ.

ಆದ್ದರಿಂದಲೇ ಅವನಿಗೆ ರಜೆಯಿದ್ದ ಒಂದು ಸಂಜೆ ಮರೀನಾದಲ್ಲಿ ಎರಡೂ ಫೋನುಗಳಿಂದ ಒಂದೇ ಜಾಗದ ಫೋಟೋ ತೆಗೆದು ತೋರಿಸಿದೆ. ಹೊತ್ತು ಮುಳುಗಿ ಬಹಳ ಹೊತ್ತಾಗಿತ್ತು. ಅವನ ಫೋಟೋದಲ್ಲಿ ಮಸಿ ಬಳಿದಂತಹ ಕಡಲು, ಕಾಳುಕಾಳಾದ ಆಕಾಶ, ಅಷ್ಟೇ. ನನ್ನದರಲ್ಲಿ ಮರಳಿನ ಮೇಲಿನ ಹೆಜ್ಜೆ ಗುರುತೂ ಕಾಣುವಷ್ಟು ಬೆಳಕು. ಅವನು ನನ್ನ ಫೋನನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದ.

"ಇದು ಈಗಿಂದಲ್ಲ," ಅಂದ. "ಈಗ ಕತ್ತಲೆ ಉಂಟಲ್ಲ."

"ಅದೇ ಅದರ ವಿಶೇಷ. ಕತ್ತಲೆಯಲ್ಲೂ ಕಾಣುತ್ತೆ."

"ಇವ ಯಾರು, ನೋಡು."

ಅವನು ಬೆರಳಿಟ್ಟಲ್ಲಿ, ಅಲೆಯ ಅಂಚಿನಲ್ಲಿ, ಎರಡು ಕಾಲುಗಳಿದ್ದವು. ಮೊಣಕಾಲಿನ ಮೇಲೆ ಏನೂ ಇರಲಿಲ್ಲ. ಅಲ್ಲಿ ಕಡಲು ಮುಂದುವರಿದಿತ್ತು. ನಡೆದು ಹೋಗುತ್ತಿದ್ದ ಯಾರದೋ ಮೈಯನ್ನು ಫೋನು ಬೆಳಕು ಕೂಡಿಸುವ ಭರದಲ್ಲಿ ಒರೆಸಿಹಾಕಿತ್ತು. ಹೀಗೆ ಆಗುವುದುಂಟು ಎಂದು ನಾನು ವಿವರಿಸಿದೆ. ಅವನು ತಲೆಯಾಡಿಸಿ ಫೋನು ವಾಪಸ್ಸು ಕೊಟ್ಟ. ಆಮೇಲೆ ಆ ಫೋಟೋವನ್ನು ನಾನು ಅಳಿಸಿದೆ.

ಅವನ ಫೋನಿನಲ್ಲಿ ಅವನಿಗೆ ತುಂಬ ಹಿಡಿಸಿದ ಸಂಗತಿ ಒಂದಿತ್ತು. ಅಲಾರಮಿಗೆ ನಮ್ಮದೇ ಧ್ವನಿಯನ್ನು ಇಟ್ಟುಕೊಳ್ಳಬಹುದು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಅವನು ಒಂದು ಗಂಟೆ ಮಲಗಿ ಮೂರಕ್ಕೆ ಏಳಬೇಕು, ಸಂಜೆಯ ತಿಂಡಿಗೆ.

"ಗಂಟೆ ಹೊಡ್ಕೊಂಡ್ರೆ ನಂಗೆ ಎಚ್ಚರ ಆಗುದಿಲ್ಲ. ಮನುಷ್ಯರು ಕರೆದ್ರೆ ಆಗ್ತದೆ," ಅಂದ. "ಕೋಣೆಯಲ್ಲಿ ಬೇರೆ ಯಾರಿದ್ದಾರೆ? ಹಾಗೆ ನಾನೇ ಕರ್ಕೊಳ್ಳುದು."

ಒತ್ತಿ ಕೇಳಿಸಿದ. ಹಿಂದೆ ಫ್ಯಾನಿನ ಕಿರುಗುಟ್ಟುವ ಸದ್ದು. ಅದರ ಮೇಲೆ ಅವನದೇ ಧ್ವನಿ, ಬೇರೊಬ್ಬನನ್ನು ಎಬ್ಬಿಸುವ ಹಾಗೆ, ಮೆತ್ತಗೆ: "ಏಳು ಮಾರಾಯ. ಹೊತ್ತಾಯ್ತು. ಏಳು, ಮುಖ ತೊಳ್ಕೊ."

ಅವನು ಹೋದದ್ದು ಒಂದು ಬುಧವಾರ ಆ ನಿದ್ದೆಯಲ್ಲೇ. ಮೂರು ಗಂಟೆಗೆ ಫೋನು ಕರೆಯಿತು. ನಿಲ್ಲಿಸುವವರಿಲ್ಲದ್ದರಿಂದ ಐದೈದು ನಿಮಿಷಕ್ಕೆ ಮತ್ತೆ ಕರೆಯಿತು. ಹೋಟೆಲಿನ ಯಜಮಾನರು ಎರಡು ಸಲ ಮಹಡಿ ಹತ್ತಿ, ಒಳಗೆ ಮಾತು ಕೇಳಿ, ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿದ್ದಾನೆ ಎಂದು ಇಳಿದಿದ್ದರು. ಮೂರನೆಯ ಸಲ ಹತ್ತಿದಾಗ ಅದೇ ಮಾತು ಅದೇ ಏರಿಳಿತದಲ್ಲಿ ಮತ್ತೆ ಬಂತು. ಆಗ ಬಾಗಿಲು ದೂಡಿದರು. ಆಸ್ಪತ್ರೆಯಲ್ಲಿ, ಹೃದಯ ನಿಂತು ಒಂದೂವರೆ ಗಂಟೆಯ ಮೇಲಾಗಿದೆ ಅಂದರು. ಅಂದರೆ ಮೊದಲ ಕರೆಗೆ ಮುಂಚೆಯೇ. ಬೇಗ ಬಾಗಿಲು ತೆರೆದಿದ್ದರೂ ಏನೂ ಆಗುತ್ತಿರಲಿಲ್ಲ. ಇದನ್ನು ಯಜಮಾನರಿಗೆ ನಾನು ಹಲವು ಸಲ ಹೇಳಿದ್ದೇನೆ.

ಮರುದಿನ, ಊರಿನಿಂದ ನೆಂಟರು ಬಂದ ಮೇಲೆ, ದಹನವಾಯಿತು. ಮೂರನೆಯ ದಿನ ಯಜಮಾನರು ಒಂದು ಬಟ್ಟೆಯ ಚೀಲ ತಂದುಕೊಟ್ಟರು: ಕನ್ನಡಕ, ಕೈಗಡಿಯಾರ, ಎರಡು ಪಂಚೆ, ಫೋನು. ಫೋನಿಗೆ ಬೀಗ. ಅದರ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ನಮ್ಮ ಮನೆಯ ಕಪಾಟಿನೊಳಗಿಂದ ಅಣ್ಣ ಕರೆದ.

ಮೊದಲು ಕೇಳಿಸಿಕೊಂಡವಳು ಮಗಳು. ಅವಳು ಕನ್ನಡ ಬಲ್ಲಳು, ಆದರೆ ಬಾಯಿಗೆ ಬರುವುದು ತಮಿಳು. ಕೋಣೆಯಿಂದ ಬಂದು ನನ್ನ ತೋಳು ಹಿಡಿದುಕೊಂಡು, "ಅಪ್ಪಾ, ಪೆರಿಯಪ್ಪಾ ಕೂಪ್ಪಿಡ್ರಾರು," ಅಂದಳು. ದೊಡ್ಡಪ್ಪ ಕರೀತಿದ್ದಾರೆ. ಹೇಳಿದ ರೀತಿಯಲ್ಲಿ ಗಾಬರಿಯೇ ಇರಲಿಲ್ಲ. ಅವನು ಮನೆಗೆ ಬಂದಾಗಲೆಲ್ಲ ಹಾಗೇ ಬಂದು ಹೇಳುತ್ತಿದ್ದಳು. ಹೇಳಿದ ಮೇಲೆಯೇ ಅವಳ ಮುಖ ಬಿಳಿಚಿದ್ದು.

ಅಲಾರಂ ನಿಲ್ಲಿಸಲು ಬೀಗ ತೆಗೆಯಬೇಕಿಲ್ಲ, ಪರದೆಯ ಮೇಲೆ ಬೆರಳೆಳೆದರೆ ಸಾಕು. ಆದರೆ ಅದು ಆ ದಿನಕ್ಕೆ ಮಾತ್ರ. ಮರುದಿನ ಮೂರಕ್ಕೆ ಮತ್ತೆ. ಹೆಂಡತಿ ಫೋನನ್ನು ಪೂರ್ತಿ ಆರಿಸಿಬಿಡಿ ಅಂದಳು. ನಾನು ಬೀದಿ ತುದಿಯ ರಿಪೇರಿ ಅಂಗಡಿಯವರನ್ನು ಕೇಳಿದೆ. "ಆರಿಸಿದ್ರೆ ಮತ್ತೆ ಹಚ್ಚುವಾಗ ನಂಬರ್ ಕೇಳುತ್ತೆ ಸಾರ್. ಆಮೇಲೆ ಎಲ್ಲಾ ಅಳಿಸದೆ ತೆರೆಯೋಕಾಗಲ್ಲ," ಅಂದರು. ಒಳಗೆ ಏನಿದೆಯೋ ನನಗೆ ತಿಳಿಯದು. ಅಳಿಸಿಹೋಗುವುದು ಬೇಡ ಎನ್ನಿಸಿತು. ದಿನವೂ ಚಾರ್ಜಿಗಿಟ್ಟೆ. ದಿನವೂ ಮೂರು ಗಂಟೆಗೆ ಕಪಾಟಿನ ಮುಂದೆ ನಿಂತೆ.

ಹತ್ತನೆಯ ದಿನ ಕರ್ಮ. ಅವನಿಗೆ ಮಕ್ಕಳಿಲ್ಲದ್ದರಿಂದ ನಾನೇ ಮಾಡಬೇಕಿತ್ತು. ತಲೆ ಬೋಳಿಸಿದರು, ಮೀಸೆ ತೆಗೆದರು. ಮನೆಗೆ ಬಂದು ಕಾಲು ತೊಳೆದು ಒಳಗೆ ಕಾಲಿಟ್ಟಾಗ ಹೆಂಡತಿಯ ಕೈಯಲ್ಲಿದ್ದ ಚೊಂಬು ಜಾರಿತು. ಅವಳು ಬಗ್ಗಿ ನೀರು ಒರೆಸತೊಡಗಿದಳು. ನಾನು ಕನ್ನಡಿಯ ಮುಂದೆ ಹೋಗಲಿಲ್ಲ. ಸಮಯ ನೋಡೋಣವೆಂದು ನನ್ನ ಫೋನೆತ್ತಿದೆ. ಅದು ನನ್ನ ಮುಖ ನೋಡಿತು, ಸಣ್ಣಗೆ ನಡುಗಿತು, ಸಂಖ್ಯೆ ಕೇಳಿತು. ಮತ್ತೆ ಹಿಡಿದೆ. ಮತ್ತೆ ನಡುಗಿತು. ಎರಡು ವರ್ಷ ಒಂದು ದಿನವೂ ತಪ್ಪದೆ ಗುರುತು ಹಿಡಿದಿದ್ದ ಯಂತ್ರ ಅದು. ಹತ್ತು ದಿನ ನಿದ್ದೆಯಿಲ್ಲದ ಮುಖ, ಬೋಳು ತಲೆ, ಹೀಗಾಗುವುದು ಸಹಜ ಎಂದುಕೊಂಡು ಸಂಖ್ಯೆ ಒತ್ತಿದೆ.

ಆಗಲೇ ಮೂರಾಯಿತು. ಕಪಾಟಿನಿಂದ, "ಏಳು ಮಾರಾಯ. ಹೊತ್ತಾಯ್ತು."

ನಾನು ಹೋಗಿ ಅಣ್ಣನ ಫೋನನ್ನು ಕೈಗೆತ್ತಿಕೊಂಡು ನಿಲ್ಲಿಸಿದೆ. ಪರದೆಯ ಮೇಲಿದ್ದ ಬೀಗದ ಚಿತ್ರ ಬಿಚ್ಚಿಕೊಂಡಿತು. ನಾನು ಏನನ್ನೂ ಒತ್ತಿರಲಿಲ್ಲ.

"ನಂಬರ್ ಸಿಕ್ತಾ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಇಲ್ಲ. ನನ್ನ ಮುಖ ನೋಡಿ ತೆರೀತು."

ನಾನು ವಿವರಿಸಿದೆ. ದುಬಾರಿ ಫೋನು ಮುಖದ ಉಬ್ಬುತಗ್ಗುಗಳನ್ನು ಅಳೆಯುತ್ತದೆ. ಅಗ್ಗದ್ದು ಬರೀ ಒಂದು ಚಿತ್ರ ನೋಡಿ, ಹೆಚ್ಚುಕಡಿಮೆ ಹೊಂದಿದರೆ ಬಾಗಿಲು ತೆರೆಯುತ್ತದೆ. ಅಣ್ಣತಮ್ಮಂದಿರಲ್ಲಿ ಇದು ಆಗಬಹುದು. ನಾನು ಹೇಳಿದ್ದು ಅಷ್ಟೂ ನಿಜ. ಅವಳು ಕೇಳಿ, "ಹಾಗಾದ್ರೆ ಆ ಫೋಟೋಗೆ ಹಿಡೀರಿ," ಅಂದಳು. ಗೋಡೆಯ ಮೇಲೆ ಹಾರ ಹಾಕಿದ್ದ ಅಣ್ಣನ ಫೋಟೋಗೆ ಹಿಡಿದೆ. ತೆರೆಯಲಿಲ್ಲ. ಅದು ಹದಿನೈದು ವರ್ಷ ಹಳೆಯ, ತಲೆಯಲ್ಲಿ ಕೂದಲಿದ್ದ ಕಾಲದ ಫೋಟೋ. ಮಗಳ ಮುಖಕ್ಕೆ ಹಿಡಿದೆ, ಇಲ್ಲ. ನನ್ನ ಕಡೆ ತಿರುಗಿಸಿದೆ. ತಕ್ಷಣ ತೆರೆಯಿತು. ಗೋಡೆಯ ಮೇಲಿನ ಅಣ್ಣನನ್ನು ಅವನ ಫೋನು ಒಪ್ಪಲಿಲ್ಲ, ನನ್ನನ್ನು ಒಪ್ಪಿತು.

"ಆ ಅಲಾರಂ ಮೊದಲು ತೆಗೀರಿ," ಅಂದಳು ಹೆಂಡತಿ.

ತೆಗೆಯುತ್ತೇನೆ ಅಂದೆ. ಅಲಾರಮಿನ ಪಟ್ಟಿಯಲ್ಲಿ ಎರಡಿದ್ದವು. ಒಂದು ದಿನವೂ ಮೂರಕ್ಕೆ ಬರುವಂಥದ್ದು. ಇನ್ನೊಂದು ಒಂದೇ ದಿನಕ್ಕೆಂದು, ಅವನು ಹೋದ ಮರುದಿನಕ್ಕೆ, ಆ ದಿನದ ಮಾಮೂಲು ಕರೆಯ ಬದಲು ಇಟ್ಟದ್ದು, ಅದೂ ಮೂರಕ್ಕೇ. ಅದು ಆಗಿಹೋಗಿ ಮಸುಕಾಗಿತ್ತು. ಅದರ ಧ್ವನಿ ಬೇರೆ. ಅವನು ಮಾತು ಮುದ್ರಿಸಿಕೊಳ್ಳುತ್ತಿದ್ದ ಜಾಗದಲ್ಲಿ ಹುಡುಕಿದೆ. ಸಿಕ್ಕಿತು. ಮುದ್ರಿಸಿದ್ದು ಅವನು ಸತ್ತ ದಿನ, ಎರಡು ಗಂಟೆಗೆ ಸ್ವಲ್ಪ ಮುಂಚೆ, ಮಲಗುವ ಮೊದಲು. ಒತ್ತಿದೆ.

ಫ್ಯಾನಿನ ಸದ್ದು. ಒಂದು ಸಣ್ಣ ಕೆಮ್ಮು. ಆಮೇಲೆ ಆ ಮೆತ್ತಗಿನ ಧ್ವನಿ: "ಇವತ್ತು ಏಳುದು ಬೇಡ ಮಾರಾಯ. ಮಲಕ್ಕೋ. ಯಾರೂ ಕರೆಯುದಿಲ್ಲ."

ಹೆಂಡತಿಗೆ ಅದನ್ನು ಕೇಳಿಸಲಿಲ್ಲ. ಕರ್ಮಗಳೆಲ್ಲ ಮುಗಿದ ಮೇಲೆ, ಬೋಳು ತಲೆಗೆ ಟೋಪಿ ಹಾಕಿಕೊಂಡು, ಬಸ್ಸು ಹಿಡಿದು ತ್ರಿಪ್ಲಿಕೇನಿಗೆ ಹೋದೆ.

ಊಟದ ಹೊತ್ತು ಮುಗಿದು ಹೋಟೆಲು ಖಾಲಿಯಾಗಿತ್ತು. ಯಜಮಾನರು ನಮ್ಮ ಕಡೆಯವರೇ, ಎಪ್ಪತ್ತು ದಾಟಿದವರು. ನಾನು ಟೋಪಿ ತೆಗೆದಾಗ ಒಂದು ಗಳಿಗೆ ಗಲ್ಲಾಪೆಟ್ಟಿಗೆಯನ್ನು ಹಿಡಿದುಕೊಂಡು ನಿಂತರು. ಆಮೇಲೆ ಕಾಫಿ ತರಿಸಿದರು. ನಾನು ಕೇಳಿದ್ದು ಒಂದೇ: ಅಣ್ಣ ಹೋದ ಮರುದಿನ ಹೋಟೆಲಿಗೆ ರಜೆ ಇತ್ತೇ?

"ಇತ್ತು. ಅಡುಗೆಮನೆಯ ಚರಂಡಿ ಕಟ್ಟಿಕೊಂಡಿತ್ತು, ನೆಲ ಅಗೆಯುವ ಕೆಲಸ. ಮೊದಲೇ ಹೇಳಿದ್ದೆ ಅವನಿಗೆ. ನಗಾಡಿದ. 'ನಾಳೆ ಒಂದು ದಿನ ನನ್ನನ್ನು ಯಾರೂ ಎಬ್ಬಿಸುದು ಬೇಡ' ಅಂದ."

ನನಗೆ ಉಸಿರು ಬಂದಂತಾಯಿತು. ರಜೆಯ ದಿನಕ್ಕೆಂದು ಮಾಡಿಟ್ಟ ಒಂದು ತಮಾಷೆ. ಮೂರು ಗಂಟೆಗೆ ಅಭ್ಯಾಸಬಲದಿಂದ ಎಚ್ಚರವಾದೀತು, ಆಗ ತನಗೆ ತಾನೇ ಮಲಗು ಎಂದು ಹೇಳಿಕೊಳ್ಳುವುದು. ಅವನು ಅಂಥವನೇ. ನಾನು ನಗುತ್ತ ಅದನ್ನು ಯಜಮಾನರಿಗೆ ಹೇಳಿದೆ. ಅವರು ನಗಲಿಲ್ಲ.

"ನಾನು ಅದನ್ನು ಕೇಳಿದ್ದೇನೆ," ಅಂದರು.

"ಎಲ್ಲಿ?"

"ಸ್ಮಶಾನದಲ್ಲಿ. ಫೋನು ನನ್ನ ಜೇಬಿನಲ್ಲೇ ಇತ್ತು, ನಿಮಗೆ ಕೊಡುವುದು ಮರೆತಿತ್ತು. ಅವನನ್ನು ಕರೆಂಟಿನ ಒಲೆಯೊಳಗೆ ಕಳಿಸಿ ಬಾಗಿಲು ಹಾಕಿದ್ರಲ್ಲ, ನಾವೆಲ್ಲ ಹೊರಗೆ ಬೆಂಚಿನಲ್ಲಿ ಕೂತಿದ್ದೆವು. ನೀವು ಆಚೆ ತುದಿಯಲ್ಲಿ ಭಟ್ಟರ ಹತ್ತಿರ ಮಾತಾಡ್ತಿದ್ದಿರಿ. ಆಗ ಹೇಳಿತು. ಏಳುದು ಬೇಡ, ಮಲಕ್ಕೋ ಅಂತ."

ಅವರು ಕಾಫಿ ಲೋಟವನ್ನು ಮುಟ್ಟಿರಲಿಲ್ಲ.

"ಹಿಂದಿನ ದಿನ ಏಳು ಅಂದದ್ದು ಕೇಳಿದ್ದೆ. ಅದು ಫೋನು ಅಂತ ಗೊತ್ತಿತ್ತು ನಂಗೆ. ಗೊತ್ತಿದ್ದೂ ನಾನು ಎದ್ದು ನಿಂತೆ. ಬಾಗಿಲು ತೆಗೆಸಬೇಕು ಅಂತ ಆಯಿತು. ಆಮೇಲೆ, ಅವನೇ ಬೇಡ ಅಂತಿದ್ದಾನಲ್ಲ ಅಂತ ಕೂತೆ. ಇದನ್ನು ಯಾರಿಗೂ ಹೇಳಲಿಲ್ಲ."

ನಾನು ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಹೊತ್ತನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಬೆಂಚು ನೆನಪಾಯಿತು. ಹತ್ತು ಹೆಜ್ಜೆ ದೂರದಲ್ಲಿ ಯಜಮಾನರು ಎದ್ದು ನಿಂತು ಮತ್ತೆ ಕೂತದ್ದೂ ನೆನಪಾಯಿತು. ಮುದುಕರು, ಕಾಲು ನೋಯುತ್ತಿರಬೇಕು ಎಂದುಕೊಂಡಿದ್ದೆ.

ಮನೆಗೆ ಬಂದ ಮೇಲೂ ಅಲಾರಂ ತೆಗೆಯಲು ನನ್ನಿಂದ ಆಗಲಿಲ್ಲ. ಸದ್ದನ್ನು ತೀರ ಕಡಿಮೆ ಮಾಡಿದೆ. ಹೆಂಡತಿಗೆ ತೆಗೆದೆ ಎಂದೇ ಹೇಳಿದೆ. ಕೆಲಸಕ್ಕೆ ಮರಳಿದಾಗ ಫೋನನ್ನು ಜೊತೆಗೆ ಒಯ್ದು ಮೇಜಿನ ಸೆಳೆಖಾನೆಯಲ್ಲಿಟ್ಟೆ. ದಿನವೂ ಮೂರಕ್ಕೆ ಅದು ಗೊಣಗಿದಂತೆ ಕರೆಯುತ್ತಿತ್ತು. ಆಗ ನಾನು ಸೆಳೆಖಾನೆ ತೆರೆದು ಬಗ್ಗಿ ನೋಡುತ್ತಿದ್ದೆ. ಅದು ನನ್ನನ್ನು ನೋಡಿ ತೆರೆದುಕೊಳ್ಳುತ್ತಿತ್ತು. ಇದು ನನಗೆ ಬೇಕಾದ ಸಂಗತಿಯಾಗುತ್ತ ಬಂತು. ಬೇರೆ ಯಾರಿಗಾದರೂ ಇದನ್ನು ಹೇಳಿದರೆ ಅರ್ಥವಾದೀತೋ ಇಲ್ಲವೋ: ಮೂರು ಗಂಟೆಗೆ ಒಂದು ವಸ್ತು ನನ್ನನ್ನು ಅಣ್ಣ ಎಂದು ತಿಳಿದು ಬಾಗಿಲು ತೆರೆಯುವುದಕ್ಕಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ.

ಒಮ್ಮೆ ಅವನ ಆ ಎರಡು ಧ್ವನಿಗಳನ್ನು ನನ್ನ ಫೋನಿಗೆ ಕಳಿಸಿಕೊಂಡೆ. ನನ್ನದರ ಸ್ಪೀಕರು ಒಳ್ಳೆಯದು. ಅದರಲ್ಲಿ ಸದ್ದು ತೊಳೆಯುವ ಒಂದು ಸೌಲಭ್ಯ ಇದೆ, ಅದನ್ನು ಒತ್ತಿ ಕೇಳಿದೆ. ಫ್ಯಾನು ಮಾಯವಾಗಿತ್ತು. ಕೆಮ್ಮು ಮಾಯವಾಗಿತ್ತು. ಮಾತು ಮಾತ್ರ ಕಿವಿಯ ಪಕ್ಕದಲ್ಲೇ ಆಡಿದಷ್ಟು ಸ್ಪಷ್ಟ. ಅದು ಯಾವ ಕೋಣೆಯಿಂದಲೂ ಬರುತ್ತಿರಲಿಲ್ಲ. ಗಾಳಿಯಿಲ್ಲದ ಜಾಗದಿಂದ, ಉಸಿರಾಡದವನು ಆಡಿದ ಹಾಗೆ ಇತ್ತು. ಎರಡನ್ನೂ ತಕ್ಷಣ ಅಳಿಸಿದೆ. ಹೇಗೂ ಮೂಲ ಅವನ ಫೋನಿನಲ್ಲಿದೆಯಲ್ಲ ಎಂದುಕೊಂಡೆ.

ಪಕ್ಕದ ಮೇಜಿನ ಸಹೋದ್ಯೋಗಿ ತಮಿಳರು. ಒಂದು ದಿನ ಕುರ್ಚಿ ಹಿಂದೆ ಸರಿಸಿ, "ಸಾರ್, ಉಳ್ಳೆ ಯಾರೋ ಪೇಸರಾಂಗ," ಅಂದರು. ಒಳಗೆ ಯಾರೋ ಮಾತಾಡುತ್ತಿದ್ದಾರೆ. ನಾನು ಸೆಳೆಖಾನೆ ತೆರೆದು ಫೋನು ತೋರಿಸಿದೆ, ಅಣ್ಣನದು ಅಂದೆ. ಅವರಿಗೆ ವಿಷಯ ಗೊತ್ತಿತ್ತು. ಮಾತು ಬದಲಿಸುವುದಕ್ಕೆಂದೇ ಇರಬೇಕು, ನಾನೂ ಫೋನು ಕೊಳ್ಳಬೇಕೆಂದಿದ್ದೇನೆ, ನಿಮ್ಮ ದುಬಾರಿ ಫೋನಿಗೆ ಕೊಟ್ಟ ದುಡ್ಡು ಸಾರ್ಥಕವೇ ಎಂದು ಕೇಳಿದರು. ಎರಡು ವರ್ಷದಿಂದ ಎಷ್ಟೋ ಜನರಿಗೆ ಇದಕ್ಕೆ ಉತ್ತರ ಹೇಳಿದ್ದೆ. ಆ ದಿನ ಯೋಚಿಸಬೇಕಾಯಿತು. ಒಳ್ಳೆಯ ಕಾವಲುಗಾರ ಬೇಕಿದ್ದರೆ ಕೊಳ್ಳಿ, ಅದು ಬೇರೆಯವರನ್ನು ಒಳಗೆ ಬಿಡುವುದಿಲ್ಲ ಅಂದೆ. ಕತ್ತಲೆಯಲ್ಲಿ ಕಾಣುವುದು ಬೇಕಿದ್ದರೂ ಕೊಳ್ಳಿ. ಇದ್ದದ್ದು ಇದ್ದ ಹಾಗೆ ಸಾಕು ಅನ್ನುವುದಾದರೆ ಬೇಡ. ಅವರು ನಡುವಿನ ಬೆಲೆಯದೊಂದು ಕೊಂಡರು. ಚೆನ್ನಾಗಿದೆಯಂತೆ.

ಕೂದಲು ಬಂತು, ಮೀಸೆ ಬಂತು. ನನ್ನ ಫೋನು ನನ್ನನ್ನು ಮತ್ತೆ ತಡವರಿಸದೆ ಗುರುತಿಸತೊಡಗಿತು. ಐದಾರು ವಾರ ಕಳೆದಿರಬೇಕು, ಒಂದು ದಿನ ಸೆಳೆಖಾನೆಗೆ ಬಗ್ಗಿದಾಗ ಅಣ್ಣನ ಫೋನು ತೆರೆಯಲಿಲ್ಲ. ಬೆಳಕಿಗೆ ತಂದೆ, ಕನ್ನಡಕ ತೆಗೆದೆ, ಮೀಸೆಯ ಮೇಲೆ ಬೆರಳಿಟ್ಟು ಮುಚ್ಚಿದೆ. ಇಲ್ಲ. ಮರುದಿನವೂ ಇಲ್ಲ. ಆ ಎರಡು ಧ್ವನಿ ಒಳಗೇ ಉಳಿದವು. ಒಂದು ಮೂರಕ್ಕೆ ತಾನಾಗಿ ಬರುತ್ತಿತ್ತು, ಇನ್ನೊಂದು ಬರುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಚ್ಚಲಿನಲ್ಲಿ ಮುಖಕ್ಕೆ ನೊರೆ ಹಚ್ಚಿಕೊಂಡು ನಿಂತಿದ್ದೆ. ಮೀಸೆಯ ಮೇಲೂ ಹಚ್ಚಿದ್ದೆ. ಅಣ್ಣನ ಫೋನು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ನನ್ನ ಕಡೆ ಮುಖ ಮಾಡಿ ನಿಂತಿತ್ತು. ಬಾಗಿಲು ಹಾಕಿರಲಿಲ್ಲ. ಹೆಂಡತಿ ಬಂದು ನಿಂತದ್ದು ಕನ್ನಡಿಯಲ್ಲಿ ಕಂಡಿತು.

"ತಲೆನೂ ಬೋಳಿಸ್ತೀರಾ?" ಅಂದಳು.

ನಾನು ಕ್ಷೌರದ ಕತ್ತಿಯನ್ನು ನೀರಿನಲ್ಲಿ ಅದ್ದಿದೆ.

"ಆ ತಿಂಗಳು ನೀವು ಮನೆಯೊಳಗೆ ಓಡಾಡೋವಾಗ ನಾನು ಆದಷ್ಟು ಅಡುಗೆಮನೆಯಲ್ಲೇ ಇರ್ತಿದ್ದೆ. ಗೊತ್ತಾಯ್ತಾ ನಿಮಗೆ? ಊಟಕ್ಕೆ ಕರೆಯೋಕೆ ಮಗಳನ್ನ ಕಳಿಸ್ತಿದ್ದೆ. ನಿಮ್ಮ ಬೆನ್ನು ನೋಡಿ ಯಾರು ಅಂತ ಹೇಳೋಕೆ ನನಗೆ ಆಗ್ತಿರ್ಲಿಲ್ಲ." ಅವಳ ಧ್ವನಿ ಏರಲಿಲ್ಲ. "ಅಲಾರಂ ತೆಗೆದಿಲ್ಲ ಅಂತಾನೂ ಗೊತ್ತು. ಚೀಲದಲ್ಲಿ ಇಟ್ಕೊಂಡು ಹೋಗ್ತೀರಲ್ಲ. ಅದು ಪರವಾಯಿಲ್ಲ. ಇದು ಬೇಡ ರೀ."

ನಾನು ಕತ್ತಿಯನ್ನು ಕೆಳಗಿಟ್ಟೆ. ಮೀಸೆಯ ಮೇಲಿನ ನೊರೆಯನ್ನು ಅವಳೇ ಟವೆಲಿನ ತುದಿಯಿಂದ ಒರೆಸಿದಳು.

ಆ ದಿನದಿಂದ ಅಣ್ಣನ ಫೋನನ್ನು ಚಾರ್ಜಿಗೆ ಇಡಲಿಲ್ಲ. ಅಗ್ಗದ್ದಾದರೂ ಅದರ ಬ್ಯಾಟರಿ ದೊಡ್ಡದು. ಸೋಮವಾರ, ಮಂಗಳವಾರ, ಬುಧವಾರ ಮೂರಕ್ಕೆ ಕಚೇರಿಯ ಸೆಳೆಖಾನೆಯಿಂದ ಕರೆಯಿತು. ನಾನು ಬಗ್ಗಿ ನೋಡದೆ, ಕೈ ಮಾತ್ರ ಒಳಗೆ ಹಾಕಿ ನಿಲ್ಲಿಸಿದೆ. ಗುರುವಾರ ನಾನು ಒಂದು ಶಾಲೆಯ ಮೆಟ್ಟಿಲುಗಳ ನಕ್ಷೆ ತಿದ್ದುತ್ತಿದ್ದೆ. ತಲೆಯೆತ್ತಿದಾಗ ಗಡಿಯಾರದಲ್ಲಿ ನಾಲ್ಕೂಕಾಲು ಆಗಿತ್ತು.